ಡೈರೆಕ್ಟರಿ ಸರ್ವರು: ಎಷ್ಟಿರಬೇಕು, ಎಲ್ಲಿರಬೇಕು?



ಕಳೆದ ಸಭೆಯಲ್ಲಿ ಮುಂದಿನ ಸಾಲಿನ ಅಂದಾಜು ಪಟ್ಟಿಯನ್ನು ಓದುತ್ತಾ "ಎರಡನೆಯ ಡೈರೆಕ್ಟರಿ ಸರ್ವರು" ಎಂಬ ಬಾಬಿಗೆ ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. "ಕಾರ್ಯದರ್ಶಿಗಳೇ, ಇರೋದು ಒಂದು ಸರಿಯಾಗಿ ನಡೀತಾ ಉಂಟಲ್ಲ ಮಾರಾಯ್ರೇ, ಮತ್ತೊಂದು ಯಾಕೆ? ಇರೋದಾದ್ರೂ ಏನು ಕೆಲಸ ಮಾಡ್ತದೆ ಅಂತ ನಮಗೆ ಗೊತ್ತಿಲ್ಲ" ಎಂದರು. ಕೇಳಿದ್ದು ನ್ಯಾಯವೇ. ಸಭೆಗೆ ಹೊತ್ತಾಗಿದ್ದುದರಿಂದ ಉತ್ತರವನ್ನು ಪತ್ರಿಕೆಯಲ್ಲಿ ಬರೆಯುತ್ತೇನೆಂದು ಹೇಳಿ ಕುಳಿತೆ. ಆ ಮಾತನ್ನು ಈಗ ಸಲ್ಲಿಸುತ್ತಿದ್ದೇನೆ. ಕಂಪ್ಯೂಟರನ್ನು ಮುಟ್ಟದ ಸದಸ್ಯರಿಗೂ ತಿಳಿಯುವಂತೆ ಬರೆಯಲು ಯತ್ನಿಸಿದ್ದೇನೆ. ಮಹಾಸಭೆಯಲ್ಲಿ ಈ ಖರ್ಚಿಗೆ ಕೈ ಎತ್ತಬೇಕಾದವರು ಅವರೂ ತಾನೇ.

2022ರ ಏಪ್ರಿಲ್‌ನಲ್ಲಿ ನಡೆದದ್ದು

ಕೆಲವರಿಗೆ ನೆನಪಿರಬಹುದು. ಆ ವರ್ಷ ಏಪ್ರಿಲ್ ಕೊನೆಯ ವಾರದಲ್ಲಿ, ಮೊದಲ ಮಳೆಯ ಗುಡುಗು ಸಿಡಿಲಿಗೆ ಪ್ರಧಾನ ಕಚೇರಿಯ ಮೂಲೆಯ ಕೋಣೆಯಲ್ಲಿದ್ದ ಒಂದು ಯಂತ್ರ ಸುಟ್ಟಿತು. ಅಡಿಕೆ ಬಟವಾಡೆಯ ಭರಾಟೆಯ ದಿನಗಳು. ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಲೆಕ್ಕಪತ್ರದ ಯಂತ್ರಕ್ಕೆ ಏನೂ ಆಗಿರಲಿಲ್ಲ. ಸದಸ್ಯರ ಖಾತೆಗಳು, ತೂಕದ ಚೀಟಿಗಳು, ಮುಂಗಡದ ಬಾಕಿ ಎಲ್ಲವೂ ಅದರಲ್ಲಿ ಒಂದಕ್ಷರ ಕೆಡದೆ ಇದ್ದವು. ಗುಮಾಸ್ತರು ತಮ್ಮ ತಮ್ಮ ಮೇಜಿನ ಕಂಪ್ಯೂಟರುಗಳನ್ನು ತೆರೆದದ್ದೂ ಆಯಿತು. ಆದರೆ ಅಲ್ಲಿಂದ ಲೆಕ್ಕದ ಯಂತ್ರದ ಬಾಗಿಲು ತಟ್ಟಿದರೆ, ನೀವು ಯಾರೆಂದು ತಿಳಿಯದು, ಒಳಗೆ ಬಿಡಲಾಗದು ಎಂಬ ಉತ್ತರ.

ಸುಟ್ಟ ಯಂತ್ರವೇ ಡೈರೆಕ್ಟರಿ ಸರ್ವರು. ಯಾರು ನಮ್ಮವರು, ಯಾರಿಗೆ ಯಾವ ಪುಸ್ತಕ ತೆರೆಯುವ ಅಧಿಕಾರವಿದೆ ಎಂಬುದು ಅದೊಂದಕ್ಕೇ ಗೊತ್ತಿದ್ದುದು. ನಾಲ್ಕು ದಿನ ಸಂಘದ ಬಟವಾಡೆ ನಿಂತಿತು. ಮಗಳ ಮದುವೆಗೆಂದು ಹಣ ತೆಗೆಯಲು ಬಂದ ಸದಸ್ಯರೊಬ್ಬರು ಎರಡು ದಿನ ನಮ್ಮ ಜಗಲಿಯಲ್ಲಿ ಕುಳಿತು, ಮೂರನೆಯ ದಿನ ಹೊರಗೆ ಕೈಗಡ ತಂದರು. ಹಣವೂ ಇತ್ತು, ಲೆಕ್ಕವೂ ಇತ್ತು, ಕೊಡಲಾಗಲಿಲ್ಲ. ಈ ಸಂಗತಿಯನ್ನು ನೆನೆದರೆ ನನಗೆ ಈಗಲೂ ಮುಜುಗರವಾಗುತ್ತದೆ.

ಕೆಡುಕು ಅಷ್ಟಕ್ಕೇ ನಿಲ್ಲಲಿಲ್ಲ. ಸುಟ್ಟ ಯಂತ್ರದ ಡಿಸ್ಕು ಉಳಿದಿತ್ತು, ಆದರೆ ಕರೆಂಟು ಹೋದ ಕ್ಷಣದಲ್ಲಿ ಅದರೊಳಗಿನ ಕಡತ ಅರ್ಧ ಬರೆದ ಸ್ಥಿತಿಯಲ್ಲಿ ಕೆಟ್ಟಿತ್ತು. ಅದನ್ನು ಸರಿಪಡಿಸಲು ದುರಸ್ತಿ ಸ್ಥಿತಿ ಎಂಬುದೊಂದಿದೆ, ಅದಕ್ಕೆ ಬೇರೆಯೇ ಒಂದು ಪಾಸ್‌ವರ್ಡು ಬೇಕು. ಯಂತ್ರವನ್ನು ಸ್ಥಾಪಿಸಿದ ದಿನ ಅದನ್ನು ಇಟ್ಟವರು ಯಾವಾಗಲೋ ಕೆಲಸ ಬಿಟ್ಟು ಹೋಗಿದ್ದರು. ಏನಿಟ್ಟೆನೆಂದು ಅವರಿಗೂ ನೆನಪಿಲ್ಲ. ಹೋಗಲಿ, ತೆಗೆದಿಟ್ಟ ಪ್ರತಿಯನ್ನಾದರೂ ಹಾಕೋಣವೆಂದರೆ ನಮ್ಮಲ್ಲಿದ್ದುದು ಎಂಟು ತಿಂಗಳ ಹಿಂದಿನದು. 180 ದಿನ ದಾಟಿದ ಪ್ರತಿಯನ್ನು ಆ ವ್ಯವಸ್ಥೆ ಒಪ್ಪುವುದಿಲ್ಲ. ಕೊನೆಗೆ ಎಲ್ಲವನ್ನೂ ಹೊಸದಾಗಿಯೇ ಕಟ್ಟಬೇಕಾಯಿತು. ತುರ್ತಿನಲ್ಲಿ ಆಗಲೂ ಒಂದೇ ಯಂತ್ರ ಹಾಕಿದೆವು. ಇಂದಿಗೂ ಆ ಒಂದರ ಮೇಲೆಯೇ ನಡೆದಿದೆ. ಸಭೆಯಲ್ಲಿ "ಸರಿಯಾಗಿ ನಡೀತಾ ಉಂಟಲ್ಲ" ಎಂದದ್ದು ಅದನ್ನೇ.

ಡೈರೆಕ್ಟರಿ ಎಂದರೇನು?

ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ನಮ್ಮ ಮಾದರಿ ಸಹಿಯನ್ನು ತೆಗೆದುಕೊಳ್ಳುತ್ತಾರಷ್ಟೆ. ಚೆಕ್ಕು ಯಾವ ಕೌಂಟರಿಗೆ ಬಂದರೂ ಅಲ್ಲಿಯವರು ಆ ಸಹಿಯೊಡನೆ ಹೋಲಿಸಿ ನೋಡಿಯೇ ಹಣ ಕೊಡುತ್ತಾರೆ. ಪ್ರತಿಯೊಂದು ಕೌಂಟರಿನಲ್ಲಿಯೂ ಬೇರೆ ಬೇರೆ ಸಹಿ ಪುಸ್ತಕ ಇಟ್ಟರೆ ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಉಳಿದು ಗೊಂದಲವಾಗುತ್ತದೆ. ಆದುದರಿಂದ ಒಂದೇ ಪುಸ್ತಕ, ಎಲ್ಲರೂ ಅದನ್ನು ನೋಡಬೇಕು. ಕಂಪ್ಯೂಟರುಗಳ ಜಾಲದಲ್ಲಿ ಈ ಪುಸ್ತಕವೇ ಡೈರೆಕ್ಟರಿ. ಅದನ್ನು ಇಟ್ಟುಕೊಂಡು ಕೇಳಿದವರಿಗೆ ಉತ್ತರ ಹೇಳುವ ಯಂತ್ರ ಡೈರೆಕ್ಟರಿ ಸರ್ವರು. ಸಿಬ್ಬಂದಿಯ ಹೆಸರು, ಪಾಸ್‌ವರ್ಡಿನ ಗುರುತು, ಯಾರು ಯಾವ ಗುಂಪಿಗೆ ಸೇರಿದವರು, ಯಾವ ಯಂತ್ರಗಳು ನಮ್ಮವು, ಇವಿಷ್ಟು ಅದರಲ್ಲಿರುತ್ತವೆ. ಸದಸ್ಯರ ಶೇರು, ಠೇವಣಿ, ಸಾಲ ಇದಾವುದೂ ಅದರಲ್ಲಿಲ್ಲ. ಈ ಒಂದು ತಪ್ಪು ತಿಳುವಳಿಕೆ ಸಭೆಯಲ್ಲಿ ಹಲವರಿಗಿತ್ತು.

ಇಂಥ ಡೈರೆಕ್ಟರಿಗಳಿಗೆ ಎಕ್ಸ್.500 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1988ರಲ್ಲಿ. ಅದು ಬಲು ಭಾರವಾಗಿತ್ತೆಂದು ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಹಗುರಮಾಡಿ ಎಲ್‌ಡ್ಯಾಪ್ ಎಂಬ ವಿಧಾನವನ್ನು ರೂಪಿಸಿದರು. 1993ರಲ್ಲಿ ಅದು ಪ್ರಕಟವಾಯಿತು. ಮೈಕ್ರೋಸಾಫ್ಟ್ ಕಂಪೆನಿ 2000ದಲ್ಲಿ ಇದನ್ನೇ ಆಧರಿಸಿ ಆಕ್ಟಿವ್ ಡೈರೆಕ್ಟರಿಯನ್ನು ತಂದಿತು. ನಮ್ಮಲ್ಲಿರುವುದು ಅದೇ. ಅದಕ್ಕೆ ಬದಲಾಗಿ ನಿಲ್ಲಬಲ್ಲ, ಪರವಾನಗಿ ಹಣವಿಲ್ಲದ ಸಾಂಬಾ ಎಂಬ ತಂತ್ರಾಂಶವೂ 2012ರ ಡಿಸೆಂಬರಿನಿಂದ ಲಭ್ಯವಿದೆ. ನೋಡಿಕೊಳ್ಳಬಲ್ಲ ಹುಡುಗರು ಊರಿನಲ್ಲಿದ್ದರೆ ಅದೂ ಒಳ್ಳೆಯದೇ. ನಮ್ಮಲ್ಲಿ ಸದ್ಯಕ್ಕೆ ಇಲ್ಲ.

ಅಂದು ಮೇಜಿನ ಕಂಪ್ಯೂಟರುಗಳು ತೆರೆದದ್ದು ಹೇಗೆ, ಲೆಕ್ಕದ ಯಂತ್ರ ಮಾತ್ರ ತೆರೆಯದಿದ್ದುದು ಹೇಗೆ ಎಂದು ಕೆಲವರು ಕೇಳಿದ್ದರು. ಮೇಜಿನ ಯಂತ್ರ ಹಿಂದೆ ತನ್ನಲ್ಲಿ ಕುಳಿತವರ ಗುರುತನ್ನು, ಸಾಮಾನ್ಯವಾಗಿ ಕೊನೆಯ ಹತ್ತು ಜನರದನ್ನು, ತಾನೇ ನೆನಪಿಟ್ಟುಕೊಂಡಿರುತ್ತದೆ. ಆದುದರಿಂದ ಪರಿಚಯದವರನ್ನು ಕೂರಲು ಬಿಡುತ್ತದೆ. ಲೆಕ್ಕದ ಯಂತ್ರಕ್ಕೆ ಹೋಗಲು ಮಾತ್ರ ಡೈರೆಕ್ಟರಿ ಸರ್ವರು ಕೊಡುವ ಚೀಟಿ ಬೇಕು. ಬೆಳಿಗ್ಗೆ ಪಾಸ್‌ವರ್ಡು ಹಾಕಿದಾಗ ಒಂದು ಚೀಟಿ ಸಿಗುತ್ತದೆ, ಸಾಮಾನ್ಯವಾಗಿ ಅದರ ಅವಧಿ 10 ಗಂಟೆ. ಅದನ್ನು ತೋರಿಸಿ ಬೇರೆ ಬೇರೆ ಯಂತ್ರಗಳಿಗೆ ಬೇರೆ ಬೇರೆ ಚೀಟಿ ಪಡೆಯುತ್ತಾರೆ. ಚೀಟಿ ಕೊಡುವವನೇ ಇಲ್ಲದ ಮೇಲೆ ಗೋದಾಮಿನಲ್ಲಿ ಮಾಲಿದ್ದೂ ಹೊರಗೆ ಬರದು.

ಹೊಸದಾಗಿ ಕಟ್ಟುವಾಗ ನಾನು ಕಲಿತ ಇನ್ನೊಂದು ಸಂಗತಿ ಹೇಳಬೇಕು. ಹಳೆಯ ಹೆಸರುಗಳನ್ನೇ ಮತ್ತೆ ಬರೆದರೆ ಎಲ್ಲ ಮೊದಲಿನಂತಾಗುವುದೆಂದು ನಾನು ತಿಳಿದಿದ್ದೆ. ಹಾಗಲ್ಲ. ಯಂತ್ರ ಜನರನ್ನು ಗುರುತಿಸುವುದು ಹೆಸರಿನಿಂದಲ್ಲ, ತಾನು ಕೊಟ್ಟ ಸಂಖ್ಯೆಯಿಂದ. ಸದಸ್ಯರು ತೀರಿಕೊಂಡು ಅವರ ಹೆಸರಿನವರೇ ಆದ ಮೊಮ್ಮಗ ಸದಸ್ಯನಾದರೆ ಅವನಿಗೆ ಹೊಸ ಸದಸ್ಯ ಸಂಖ್ಯೆ. ಅಜ್ಜನ ಖಾತೆಗೆ ಅವನು ಸಹಿ ಹಾಕುವಂತಿಲ್ಲ. ಹಾಗೆಯೇ ನಮ್ಮ ಕ್ಯಾಷಿಯರರ ಹೆಸರನ್ನು ಹೊಸ ಡೈರೆಕ್ಟರಿಯಲ್ಲಿ ಬರೆದಾಗ ಅವರು ಯಂತ್ರದ ಕಣ್ಣಿಗೆ ಬೇರೆ ಮನುಷ್ಯರೇ ಆದರು. ಒಂದೊಂದು ಪುಸ್ತಕಕ್ಕೂ ಅಧಿಕಾರವನ್ನು ಮರಳಿ ಕೊಡಬೇಕಾಯಿತು, ಒಂದೊಂದು ಕಂಪ್ಯೂಟರನ್ನೂ ಮರಳಿ ಸೇರಿಸಬೇಕಾಯಿತು. ನಾಲ್ಕು ದಿನ ಹೋದದ್ದು ಹೆಚ್ಚಾಗಿ ಈ ಕೆಲಸಕ್ಕೆ.

ದೊಡ್ಡದಲ್ಲ, ಎರಡು

ಮಾರುವವರು ದೊಡ್ಡ ಯಂತ್ರವನ್ನೇ ತೋರಿಸುತ್ತಾರೆ. ನಮಗೆ ಅದು ಬೇಡ. ಸಾವಿರ ಜನ ಬಳಕೆದಾರರಿಗೆ ಡೈರೆಕ್ಟರಿಯ ಕಡತಕ್ಕೆ 0.4 ಗಿಗಾಬೈಟ್ ಜಾಗ ಸಾಕೆಂದು ಮೈಕ್ರೋಸಾಫ್ಟ್‌ನ ಯೋಜನಾ ಕೈಪಿಡಿಯೇ ಹೇಳುತ್ತದೆ. ಶಾಖೆಗಳೂ ಸೇರಿ ನಮ್ಮ ಸಿಬ್ಬಂದಿ ಐವತ್ತನ್ನು ಮೀರುವುದಿಲ್ಲ. ಒಂದು ದುಬಾರಿ ಯಂತ್ರಕ್ಕೆ ಹಾಕುವ ಹಣದಲ್ಲಿ ಎರಡು ಸಾಧಾರಣ ಯಂತ್ರ ಕೊಳ್ಳುವುದೇ ಜಾಣತನ. ಆ ಯಂತ್ರಕ್ಕೆ ಬೇರೆ ಕೆಲಸ ಹೊರಿಸಬಾರದು ಎಂಬುದೂ ಇದರ ಜೊತೆಗೇ ಬರುವ ಮಾತು. ಲೆಕ್ಕದ ತಂತ್ರಾಂಶ, ಪ್ರಿಂಟರು, ಸಿಬ್ಬಂದಿಯ ಫೋಟೋ ಎಲ್ಲವನ್ನೂ ಅದರಲ್ಲೇ ತುಂಬಿದರೆ ಅದನ್ನು ಮುಟ್ಟುವ ಕೈಗಳು ಹೆಚ್ಚಾಗುತ್ತವೆ. ಬೀಗದ ಕೈಗಳ ಗೊಂಚಲನ್ನು ಯಾರೂ ಸಂತೆಯಲ್ಲಿ ನೇತುಹಾಕುವುದಿಲ್ಲ.

ಎರಡಿದ್ದರೆ ಅವು ಪರಸ್ಪರ ನಕಲು ಮಾಡಿಕೊಳ್ಳುತ್ತವೆ. 2000ಕ್ಕೆ ಮುಂಚಿನ ವ್ಯವಸ್ಥೆಯಲ್ಲಿ ಒಂದೇ ಯಂತ್ರದಲ್ಲಿ ಬರೆಯಬಹುದಿತ್ತು, ಉಳಿದವು ಅದನ್ನು ನಕಲು ಮಾಡುತ್ತಿದ್ದವು. ಈಗ ಯಾವುದರಲ್ಲಿ ಬರೆದರೂ ಇನ್ನೊಂದಕ್ಕೆ ಹೋಗುತ್ತದೆ. ಒಂದು ಸತ್ತರೆ ಇನ್ನೊಂದು ಅದೇ ಕ್ಷಣ ಉತ್ತರ ಹೇಳುತ್ತದೆ. ಕೌಂಟರಿನಲ್ಲಿ ನಿಂತ ಸದಸ್ಯರಿಗೆ ಏನಾಯಿತೆಂಬುದೇ ತಿಳಿಯದು. ಐದು ವಿಶೇಷ ಕೆಲಸಗಳು ಮಾತ್ರ ಒಂದೊಂದು ಯಂತ್ರಕ್ಕೇ ಸೀಮಿತ. ಆ ಯಂತ್ರ ಮರಳಿ ಬಾರದಂತೆ ಹೋದರೆ ಆ ಕೆಲಸಗಳನ್ನು ಉಳಿದದ್ದಕ್ಕೆ ವಹಿಸಿಕೊಡಬೇಕು. ಅಷ್ಟನ್ನು ನೆನಪಿಟ್ಟರೆ ಸಾಕು.

ಒಂದೇ ಸ್ಥಳದಲ್ಲಿರುವ ಎರಡು ಸರ್ವರುಗಳ ನಡುವೆ ಸುದ್ದಿ ಸುಮಾರು 15 ಸೆಕೆಂಡಿನಲ್ಲಿ ಹೊರಡುತ್ತದೆ. ದೂರದ ಸ್ಥಳಗಳ ನಡುವೆ, ನಾವೇನೂ ಬದಲಿಸದಿದ್ದರೆ, 180 ನಿಮಿಷಕ್ಕೊಮ್ಮೆ. ಈ ಅಂತರ ಲೆಕ್ಕಕ್ಕಿಲ್ಲವೆಂದು ತೋರಬಹುದು. ಆದರೆ ಪ್ರಧಾನ ಕಚೇರಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಒಬ್ಬರನ್ನು ಕೆಲಸದಿಂದ ತೆಗೆದು ಅವರ ಹೆಸರನ್ನು ಮುಚ್ಚಿದೆವೆನ್ನಿ. ಶಾಖೆಯ ಸರ್ವರು ಮಧ್ಯಾಹ್ನ ಒಂದರ ತನಕ ಅವರನ್ನು ನಮ್ಮವರೆಂದೇ ತಿಳಿದಿರಬಹುದು. ಇದನ್ನು 15 ನಿಮಿಷಕ್ಕೆ ಇಳಿಸಲು ಬರುತ್ತದೆ. ಇಳಿಸಬೇಕು.

ಇನ್ನು ಎರಡನ್ನು ಎಲ್ಲಿಡುವುದು? ಒಂದೇ ಕೋಣೆಯಲ್ಲಿ, ಒಂದೇ ಯು.ಪಿ.ಎಸ್.ಗೆ ಜೋಡಿಸಿ ಇಟ್ಟರೆ ಅದು ಒಂದು ಬಾವಿಗೆ ಎರಡು ಪಂಪ್‌ಸೆಟ್ ಇಟ್ಟಂತೆ. ಟಿ.ಸಿ. ಸುಟ್ಟರೆ ಎರಡೂ ನಿಲ್ಲುತ್ತವೆ, ಬಾವಿ ಬತ್ತಿದರೆ ಎರಡೂ ಗಾಳಿ ಎಳೆಯುತ್ತವೆ. 2022ರ ಸಿಡಿಲಿಗೆ ಆ ಕೋಣೆಯಲ್ಲಿ ಎರಡು ಯಂತ್ರವಿದ್ದಿದ್ದರೆ ಬಹುಶಃ ಎರಡೂ ಹೋಗುತ್ತಿದ್ದವು. ಆದುದರಿಂದ ಎರಡನೆಯದನ್ನು ರಸ್ತೆಯ ಆಚೆಗಿರುವ ಗೋದಾಮಿನ ಮಹಡಿಯಲ್ಲಿ ಇಡುವುದೆಂದು ಆಡಳಿತ ಮಂಡಳಿ ಯೋಚಿಸಿದೆ. ಅಲ್ಲಿಗೆ ಬರುವ ವಿದ್ಯುತ್ತು ಬೇರೆ ಟಿ.ಸಿ.ಯಿಂದ. ಎರಡೂ ಕಟ್ಟಡಗಳ ನಡುವೆ ತಾಮ್ರದ ತಂತಿಯ ಬದಲು ಗಾಜಿನ ಎಳೆಯ ಕೇಬಲ್ಲು ಎಳೆಯಬೇಕು. ಸಿಡಿಲಿನ ವಿದ್ಯುತ್ತು ಗಾಜಿನಲ್ಲಿ ಹರಿಯದು.

ಶಾಖೆಗಳ ಮಾತು

ಪ್ರತಿ ಶಾಖೆಗೂ ಒಂದು ಸರ್ವರು ಕೊಡಿ ಎಂಬ ಬೇಡಿಕೆ ಬಂದಿದೆ. ನನಗೆ ಒಪ್ಪಿಗೆಯಿಲ್ಲ. ನಾಲ್ಕು ಕಂಪ್ಯೂಟರಿನ ಶಾಖೆಗೆ ಡೈರೆಕ್ಟರಿ ಸರ್ವರು ಇಡುವುದೆಂದರೆ ಎಲ್ಲ ಸಿಬ್ಬಂದಿಯ ಗುರುತುಗಳ ಪೂರ್ತಿ ಪ್ರತಿಯೊಂದನ್ನು ಅಲ್ಲಿಗೆ ಕಳುಹಿಸಿದಂತೆ. ಆ ಯಂತ್ರವನ್ನು ರಾತ್ರಿ ಯಾರಾದರೂ ಹೊತ್ತೊಯ್ದರೆ ಕಳ್ಳನ ಕೈಗೆ ಸಿಗುವುದು ಆ ಶಾಖೆಯ ನಾಲ್ವರ ಗುರುತಲ್ಲ, ಇಡೀ ಸಂಘದ್ದು. ಯಂತ್ರ ಕೈಯಲ್ಲಿದ್ದವನು ಬಿಡುವಾಗಿ ಕುಳಿತು ಪಾಸ್‌ವರ್ಡುಗಳನ್ನು ಬಿಡಿಸಬಲ್ಲ.

ಹಾಗಾಗಿ ಒಂದು ಶಾಖೆಗೆ ಸರ್ವರು ಬೇಕೋ ಬೇಡವೋ ಎನ್ನುವಾಗ ನಾನು ಮೊದಲು ನೋಡುವುದು ಲೈನನ್ನು. ಮಳೆಗಾಲದಲ್ಲಿ ಮರ ಬಿದ್ದು, ರಸ್ತೆ ಅಗೆದು ಕೇಬಲ್ಲು ಕಡಿಯುವುದು ನಮ್ಮಲ್ಲಿ ಹೊಸತಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಶಾಖೆಗಳಲ್ಲಿ ನಡೆಯುವುದು ಮೈಲುತುತ್ತ, ಸುಣ್ಣ, ಗೊಬ್ಬರದ ಮಾರಾಟ. ಅರ್ಧ ದಿನ ಲೈನು ಹೋದರೆ ಕೈ ಬಿಲ್ಲು ಬರೆದು ಸಂಜೆ ಏರಿಸಬಹುದು. ತೂಕ ಮತ್ತು ಬಟವಾಡೆ ಎರಡೂ ನಡೆಯುವ ಶಾಖೆಯದು ಬೇರೆ ಮಾತು. ಆಮೇಲೆ ನೋಡುವುದು ಬೀಗವನ್ನು, ಅಂದರೆ ಯಂತ್ರಕ್ಕೆ ಬೇರೆ ಕೋಣೆ ಇದೆಯೇ, ಕೈ ಯಾರ ಬಳಿ ಎಂಬುದನ್ನು. ಕೊನೆಗೆ ಮನುಷ್ಯರನ್ನು: ದೂಳು ಒರೆಸಿ, ಬ್ಯಾಟರಿ ನೋಡಿ, ದೀಪ ಕೆಂಪಾದರೆ ಫೋನು ಮಾಡುವವರೊಬ್ಬರು ಅಲ್ಲಿದ್ದಾರೆಯೇ? ನಮ್ಮ ಶಾಖೆಗಳಲ್ಲಿ ಕೊನೆಯದಕ್ಕೆ ಇರುವ ಉತ್ತರ ಸದಸ್ಯರಿಗೇ ಗೊತ್ತಿದೆ.

ಲೈನು ಕೆಟ್ಟದ್ದು, ಬೀಗವೂ ಸಡಿಲ, ಆದರೆ ಕೆಲಸ ನಿಲ್ಲುವಂತಿಲ್ಲ ಎಂಬಂಥ ಶಾಖೆಗೆಂದೇ ಓದಲು ಮಾತ್ರ ಬರುವ ಡೈರೆಕ್ಟರಿ ಸರ್ವರೊಂದು ಇದೆ. 2008ರಿಂದ ಬಂದದ್ದು. ಅದರಲ್ಲಿ ಏನನ್ನೂ ತಿದ್ದಲಾಗದು. ನಾವು ಆರಿಸಿಕೊಟ್ಟವರ ಪಾಸ್‌ವರ್ಡಿನ ಗುರುತನ್ನು ಮಾತ್ರ ಅದು ಇಟ್ಟುಕೊಳ್ಳುತ್ತದೆ. ಕಳುವಾದರೆ ಆ ಐದಾರು ಜನರ ಪಾಸ್‌ವರ್ಡು ಬದಲಿಸಿದರೆ ಮುಗಿಯಿತು. ಒಂದು ಎಚ್ಚರಿಕೆ: ಲೈನು ಕಡಿದ ದಿನ ಆ ಪಟ್ಟಿಯಲ್ಲಿಲ್ಲದವರನ್ನು ಅದು ಒಳಗೆ ಬಿಡದು. ಬೇರೆ ಶಾಖೆಯಿಂದ ಬದಲಿಗೆ ಹೋದ ಗುಮಾಸ್ತರ ಹೆಸರನ್ನು ಮುಂಚೆಯೇ ಸೇರಿಸಿರಬೇಕು. ಅಲ್ಲಿನ ಕಂಪ್ಯೂಟರುಗಳ ಹೆಸರನ್ನೂ ಸೇರಿಸಬೇಕು. ಇದನ್ನು ಮರೆತು, ಸರ್ವರು ಇದ್ದೂ ಕೆಲಸಕ್ಕೆ ಬರಲಿಲ್ಲವೆಂದು ದೂರುವವರಿದ್ದಾರೆ.

ಇದೆಲ್ಲ ರಗಳೆಯೇ ಬೇಡ, ಈಗ ಎಲ್ಲವೂ ಕ್ಲೌಡಿನಲ್ಲಿ ಸಿಗುತ್ತದಲ್ಲ ಎಂದು ನಮ್ಮ ಕಿರಿಯ ಸದಸ್ಯರು ಹೇಳುತ್ತಾರೆ. ಸಿಗುವುದು ನಿಜ. ಮೈಕ್ರೋಸಾಫ್ಟ್‌ನದಕ್ಕೆ 2023ರಿಂದ ಎಂಟ್ರಾ ಎಂದು ಹೆಸರು. ಊರೂರು ತಿರುಗುವ ಸಿಬ್ಬಂದಿಗೆ, ಮಿಂಚಂಚೆಗೆ ಅದು ಚೆನ್ನಾಗಿದೆ. ಆದರೆ ನಮ್ಮ ಲೆಕ್ಕದ ಯಂತ್ರ ಇಲ್ಲೇ, ಅದನ್ನು ಕೇಳುವ ಮೇಜುಗಳೂ ಇಲ್ಲೇ. ಹತ್ತು ಗಜದ ಆಚೆಗಿನ ಪುಸ್ತಕ ತೆರೆಯಲು ಹೊಸ ಗುರುತಿನ ಚೀಟಿ ಬೇಕಾದಾಗಲೆಲ್ಲ ಹೊರಗಿನ ಲೈನನ್ನೇ ನೆಚ್ಚಿಕೊಳ್ಳುವುದು, ಜುಲೈ ತಿಂಗಳ ನಮ್ಮ ಲೈನನ್ನು ಕಂಡವರಿಗೆ, ಧೈರ್ಯದ ಮಾತೇ ಸರಿ. ಲೆಕ್ಕದ ತಂತ್ರಾಂಶವೇ ಹೊರಗೆ ಹೋದ ದಿನ ಈ ಮಾತನ್ನು ಮತ್ತೆ ಯೋಚಿಸೋಣ.

ಸಣ್ಣದೆಂದು ಬಿಡುವ ಎರಡು ಸಂಗತಿಗಳು

ಡೈರೆಕ್ಟರಿ ಸರ್ವರು ಎಲ್ಲಿದೆ ಎಂದು ಮೇಜಿನ ಕಂಪ್ಯೂಟರಿಗೆ ತಾನಾಗಿ ಗೊತ್ತಿರುವುದಿಲ್ಲ. ಅದು ಡಿ.ಎನ್.ಎಸ್. ಎಂಬ ವಿಳಾಸ ಪುಸ್ತಕವನ್ನು ಕೇಳಿ ತಿಳಿದುಕೊಳ್ಳುತ್ತದೆ. ಆ ಪುಸ್ತಕ ಸಾಮಾನ್ಯವಾಗಿ ಡೈರೆಕ್ಟರಿ ಸರ್ವರಿನಲ್ಲಿಯೇ ಇರುತ್ತದೆ. ಇಂಟರ್ನೆಟ್ ನಿಧಾನವೆಂದು ಯಾರೋ ಬಂದು ಕಂಪ್ಯೂಟರಿನಲ್ಲಿ ಹೊರಗಿನ ಕಂಪೆನಿಯ ಡಿ.ಎನ್.ಎಸ್. ವಿಳಾಸ ಬರೆದು ಹೋದರೆ, ಆ ಕಂಪ್ಯೂಟರು ನಮ್ಮ ಮನೆಯ ವಿಳಾಸವನ್ನು ಪರ ಊರಿನ ಅಂಚೆಯವನಲ್ಲಿ ಕೇಳಿದಂತಾಗುತ್ತದೆ. ಎರಡನೆಯ ಸರ್ವರನ್ನು ಕೊಂಡೂ ಅದರ ವಿಳಾಸವನ್ನು ಮೇಜುಗಳಿಗೆ ತಿಳಿಸದಿದ್ದರೆ, ಮೊದಲನೆಯದು ಸತ್ತ ದಿನ ಎರಡನೆಯದು ಸುಮ್ಮನೆ ಉರಿಯುತ್ತಾ ಕುಳಿತಿರುತ್ತದೆ. ಪ್ರತಿ ಕಂಪ್ಯೂಟರಿನಲ್ಲಿ ಎರಡೂ ವಿಳಾಸಗಳಿರಬೇಕು, ಎರಡೂ ನಮ್ಮವೇ ಆಗಿರಬೇಕು.

ಇನ್ನೊಂದು ಗಡಿಯಾರ. ಚೀಟಿಯ ಮೇಲೆ ಹೊತ್ತು ಬರೆದಿರುತ್ತದೆಂದು ಹೇಳಿದೆನಷ್ಟೆ. ಹಳೆಯ ಚೀಟಿಯನ್ನು ಕದ್ದು ಮತ್ತೆ ತೋರಿಸದಿರಲೆಂದು ಈ ಏರ್ಪಾಡು. ಎರಡು ಯಂತ್ರಗಳ ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸರಿಯಾದ ಪಾಸ್‌ವರ್ಡು ಹಾಕಿದರೂ ಚೀಟಿ ನಡೆಯುವುದಿಲ್ಲ. ಹಳೆಯ ಕಂಪ್ಯೂಟರಿನೊಳಗಿನ ಗುಂಡಿಯಾಕಾರದ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದಾಗ ಗುಮಾಸ್ತರು ಪಾಸ್‌ವರ್ಡು ಮರೆತಿರೆಂದು ಬೈಸಿಕೊಂಡದ್ದುಂಟು. ಪಾಪ, ತಪ್ಪು ಅವರದಲ್ಲ. ಒಂದು ಸರ್ವರು ಹೊರಗಿನ ಸರಿಯಾದ ಗಡಿಯಾರವನ್ನು ನೋಡಬೇಕು, ಉಳಿದವೆಲ್ಲ ಅದನ್ನು ಅನುಸರಿಸಬೇಕು. ಎನ್.ಐ.ಸಿ. ಅಥವಾ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಕಾಲಕ್ಕೆ ಗಡಿಯಾರಗಳನ್ನು ಹೊಂದಿಸಿಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸಿ.ಇ.ಆರ್.ಟಿ.-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನವನ್ನೂ ಹೊರಡಿಸಿದೆ.

ನೂರೈವತ್ತು ಇದ್ದೂ ಸಾಲದೇ ಹೋದ ಕಥೆ

ಇಷ್ಟು ಓದಿದವರು, ಎರಡು ಇದ್ದರೆ ಇನ್ನು ಭಯವಿಲ್ಲ ಎಂದುಕೊಳ್ಳಬಹುದು. ಅಲ್ಲಿಯೇ ಎಡವುವುದು. ಮಂಗಳೂರು ಬಂದರಿಗೆ ಹೋದವರು ಕಂಟೇನರುಗಳ ಮೇಲೆ ಮೆರ್ಸ್ಕ್ ಎಂಬ ಹೆಸರನ್ನು ಕಂಡಿರಬಹುದು. ಡೆನ್ಮಾರ್ಕಿನ ಈ ಹಡಗು ಸಂಸ್ಥೆಗೆ ಲೋಕದಾದ್ಯಂತ ಕಚೇರಿಗಳು. ಅದರಲ್ಲಿ ಸುಮಾರು 150 ಡೈರೆಕ್ಟರಿ ಸರ್ವರುಗಳಿದ್ದವು. ಒಂದು ಹೋದರೆ ಇನ್ನೊಂದು, ಅದೂ ಹೋದರೆ ಮತ್ತೊಂದು ಎಂದು ಅವು ಒಂದನ್ನೊಂದು ನಕಲು ಮಾಡುತ್ತಿದ್ದವು.

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕೇಡಿನ ತಂತ್ರಾಂಶ ಜಾಲದೊಳಗೆ ಹೊಕ್ಕಿತು. ಯುಕ್ರೇನಿನಲ್ಲಿ ಬಳಕೆಯಲ್ಲಿದ್ದ ಲೆಕ್ಕಪತ್ರದ ತಂತ್ರಾಂಶವೊಂದರ ಹೊಸ ಆವೃತ್ತಿಯ ಜೊತೆಯಲ್ಲಿ ಅದು ಬಂದಿತ್ತು. ಲೆಕ್ಕಪತ್ರದ ತಂತ್ರಾಂಶ ಎಂಬುದನ್ನು ನಾವು ಗಮನಿಸಬೇಕು. ಕೆಲವೇ ಗಂಟೆಗಳಲ್ಲಿ ಡೈರೆಕ್ಟರಿ ಸರ್ವರುಗಳೆಲ್ಲ ಅಳಿದುಹೋದವು. ಮುಂಬಯಿಯ ಹತ್ತಿರದ ನ್ಹಾವಾ ಶೇವಾ ಬಂದರಿನಲ್ಲಿ ಆ ಸಂಸ್ಥೆ ನಡೆಸುತ್ತಿದ್ದ ಟರ್ಮಿನಲ್ಲಿನಲ್ಲಿಯೂ ಕೆಲಸ ಅಸ್ತವ್ಯಸ್ತವಾಯಿತು. ಬೇರೆ ಸರ್ವರುಗಳ ಲೆಕ್ಕದ ಪ್ರತಿಗಳು ಸಿಕ್ಕವು. ಡೈರೆಕ್ಟರಿಯ ಪ್ರತಿ ಮಾತ್ರ ಎಲ್ಲಿಯೂ ಇಲ್ಲ. ನೂರೈವತ್ತು ಪ್ರತಿ ಇದೆಯೆಂಬ ನೆಚ್ಚಿಕೆಯಲ್ಲಿ, ಎಲ್ಲವೂ ಒಟ್ಟಿಗೆ ಹೋದರೆ ಏನು ಗತಿ ಎಂದು ಯಾರೂ ಯೋಚಿಸಿರಲಿಲ್ಲ.

ಹುಡುಕಿ ಹುಡುಕಿ ಕೊನೆಗೆ ಒಂದು ಸಿಕ್ಕಿತು, ಆಫ್ರಿಕಾದ ಘಾನಾ ದೇಶದ ಕಚೇರಿಯಲ್ಲಿ. ಅದು ಉಳಿದದ್ದು ಯಾರ ಜಾಣತನದಿಂದಲೂ ಅಲ್ಲ. ಕೇಡು ಹರಡುವ ಮುಂಚೆಯೇ ಅಲ್ಲಿ ಕರೆಂಟು ಹೋಗಿ ಆ ಯಂತ್ರ ಜಾಲದಿಂದ ಕಳಚಿಕೊಂಡಿತ್ತು. ಕರೆಂಟು ಹೋದದ್ದಕ್ಕೆ ಸಂತೋಷಪಟ್ಟ ಸಂಸ್ಥೆ ಇದೊಂದೇ ಇರಬೇಕು. ಅಲ್ಲಿಂದ ಲೈನಿನ ಮೂಲಕ ಇಂಗ್ಲೆಂಡಿಗೆ ಕಳುಹಿಸಲು ದಿನಗಟ್ಟಲೆ ಹಿಡಿಯುವಂತಿತ್ತು. ಘಾನಾದ ಸಿಬ್ಬಂದಿಗೆ ಇಂಗ್ಲೆಂಡಿನ ವೀಸಾ ಇರಲಿಲ್ಲ. ಒಬ್ಬರು ಡಿಸ್ಕನ್ನು ಹಿಡಿದು ನೈಜೀರಿಯಾಕ್ಕೆ ಹಾರಿ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಕೊಟ್ಟರು, ಅವರು ಲಂಡನ್ನಿಗೆ ಒಯ್ದರು. ಹತ್ತು ದಿನಗಳಲ್ಲಿ 45,000 ಕಂಪ್ಯೂಟರುಗಳನ್ನೂ 4,000 ಸರ್ವರುಗಳನ್ನೂ ಹೊಸದಾಗಿ ಸ್ಥಾಪಿಸಿದೆವೆಂದು ಸಂಸ್ಥೆಯ ಅಧ್ಯಕ್ಷರೇ 2018ರ ಜನವರಿಯಲ್ಲಿ ದಾವೋಸ್‌ನಲ್ಲಿ ಹೇಳಿದರು. ನಷ್ಟ 25ರಿಂದ 30 ಕೋಟಿ ಡಾಲರು.

ನಕಲು ಮಾಡುವ ಯಂತ್ರಕ್ಕೆ ಒಳ್ಳೆಯದು ಕೆಟ್ಟದ್ದು ತಿಳಿಯದು. ಕೊಳೆರೋಗ ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ತೋಟದಲ್ಲಿ ಎಷ್ಟು ಮರಗಳಿವೆ ಎಂಬುದರಿಂದ ರಕ್ಷಣೆಯಿಲ್ಲ. ಹೊರಗಿನ ಕೇಡೇ ಬರಬೇಕೆಂದಿಲ್ಲ. ನಮ್ಮವರೇ ಕೈತಪ್ಪಿ ಒಂದು ಶಾಖೆಯ ಹೆಸರುಗಳನ್ನೆಲ್ಲ ಅಳಿಸಿದರೆ ಎರಡನೆಯ ಸರ್ವರು ಆ ಅಳಿಸುವಿಕೆಯನ್ನೂ ನಿಷ್ಠೆಯಿಂದ 15 ಸೆಕೆಂಡಿನಲ್ಲಿ ನಕಲು ಮಾಡುತ್ತದೆ. ಎರಡನೆಯ ಸರ್ವರು ಸಿಡಿಲಿಗೆ ಉತ್ತರ, ಕೈತಪ್ಪಿಗೂ ಕೇಡಿಗೂ ಉತ್ತರವಲ್ಲ. ಅದಕ್ಕೆ ಬೇಕಾದದ್ದು ಜಾಲಕ್ಕೆ ಸಿಕ್ಕದ ಪ್ರತಿ.

ಆದುದರಿಂದ ಅಂದಾಜಿನಲ್ಲಿ ಎರಡು ಹೊರ ಡಿಸ್ಕುಗಳನ್ನೂ ಸೇರಿಸಿದ್ದೇನೆ. ವಾರಕ್ಕೊಮ್ಮೆ ಒಂದರಲ್ಲಿ ಪ್ರತಿ ತೆಗೆದು, ತಂತಿ ಕಳಚಿ, ಬ್ಯಾಂಕಿನ ಲಾಕರಿನಲ್ಲಿಟ್ಟು, ಅಲ್ಲಿದ್ದ ಇನ್ನೊಂದನ್ನು ತರುವುದು. ಹಳೆಯ ಪ್ರತಿ 180 ದಿನಕ್ಕೆ ನಿರುಪಯುಕ್ತವಾಗುವುದೇಕೆಂದರೆ, ಅಳಿಸಿದ ಹೆಸರುಗಳ ನೆನಪನ್ನು ಡೈರೆಕ್ಟರಿ ಅಷ್ಟು ದಿನ ಮಾತ್ರ ಇಟ್ಟುಕೊಂಡಿರುತ್ತದೆ. ಅದಕ್ಕಿಂತ ಹಳೆಯ ಪ್ರತಿಯನ್ನು ಹಾಕಿದರೆ ಕೆಲಸ ಬಿಟ್ಟುಹೋದವರೆಲ್ಲ ಮತ್ತೆ ಎದ್ದು ಬಂದಾರು. ಇನ್ನೊಂದು ಮಾತು. ಇಡೀ ಡಿಸ್ಕಿನ ಹಳೆಯ ಚಿತ್ರವನ್ನು ತೆಗೆದಿಟ್ಟು ಅದನ್ನೇ ಮರಳಿ ಹಾಕುವ ಸುಲಭ ದಾರಿಯನ್ನು ಕೆಲವು ತಂತ್ರಜ್ಞರು ಹೇಳುತ್ತಾರೆ. ಎರಡು ಸರ್ವರುಗಳಿರುವಲ್ಲಿ ಇದು ಅಪಾಯ. ಹಿಂದಕ್ಕೆ ಹೋದ ಯಂತ್ರ ತಾನು ಎಲ್ಲಿಯವರೆಗೆ ಬರೆದಿದ್ದೆ ಎಂಬುದನ್ನು ತಪ್ಪಾಗಿ ಹೇಳಿ, ಎರಡೂ ಪುಸ್ತಕಗಳು ಒಂದಕ್ಕೊಂದು ತಾಳೆಯಾಗದೆ ಹೋಗುತ್ತವೆ. ಡೈರೆಕ್ಟರಿಗೆಂದೇ ಇರುವ ವಿಧಾನದಿಂದಲೇ ಪ್ರತಿ ತೆಗೆಯಬೇಕು.

ಕೀಲಿಕೈ ಯಾರಲ್ಲಿ?

ಇದು ಯಂತ್ರದ ಮಾತಲ್ಲ, ನಮ್ಮ ಮಾತು. ಸಂಘದ ತಿಜೋರಿಗೆ ಎರಡು ಕೈ, ಇಬ್ಬರ ಬಳಿ. ಆದರೆ ಎಲ್ಲ ಖಾತೆಗಳನ್ನೂ ತೆರೆಯಬಲ್ಲ ಡೈರೆಕ್ಟರಿಯ ಮೇಲಧಿಕಾರದ ಪಾಸ್‌ವರ್ಡು ಯಾರ ಬಳಿ ಇದೆ ಎಂದು ನಾವು ಯಾವ ನಡಾವಳಿಯಲ್ಲಿಯೂ ಬರೆದಿರಲಿಲ್ಲ. ಹೊಸದಾಗಿ ಕಟ್ಟಿದ ಮೇಲೆ ಕೆಲವು ಕಾಲ ಅದು ಯಂತ್ರ ಪೂರೈಸಿದವರ ಕೈಯಲ್ಲಿಯೇ ಇತ್ತು. ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ: ಅನುಕೂಲಕ್ಕೆಂದು ನನ್ನ ದಿನನಿತ್ಯದ ಹೆಸರಿಗೇ ಆ ಅಧಿಕಾರವನ್ನು ಕೊಟ್ಟುಕೊಂಡಿದ್ದೆ. ಅಂದರೆ ನಾನು ಮಿಂಚಂಚೆಯಲ್ಲಿ ಬಂದ ಕೆಟ್ಟ ಕಾಗದವೊಂದನ್ನು ತಿಳಿಯದೆ ತೆರೆದಿದ್ದರೆ ಅದು ಕಾರ್ಯದರ್ಶಿಯ ಕೈಯಿಂದಲೇ ಇಡೀ ಸಂಘಕ್ಕೆ ಹೊಕ್ಕುತ್ತಿತ್ತು. ಈಗ ಅದನ್ನು ಬೇರ್ಪಡಿಸಿದ್ದೇನೆ. ಮೇಲಧಿಕಾರದ ಹೆಸರು ಬೇರೆ, ಅದನ್ನು ಸರ್ವರಿನ ಮುಂದೆ ಮಾತ್ರ ಬಳಸುವುದು, ಪತ್ರ ಓದಲು ಬಳಸುವಂತಿಲ್ಲ. ಪೂರೈಕೆದಾರರಿಗೆ ಬೇಕಾದಾಗ ಬೇರೆ ಹೆಸರಿನಲ್ಲಿ ಅಧಿಕಾರ ಕೊಟ್ಟು ಕೆಲಸ ಮುಗಿದ ಸಂಜೆ ಮುಚ್ಚುತ್ತೇವೆ.

ಮೇಲಧಿಕಾರದ ಪಾಸ್‌ವರ್ಡು, ದುರಸ್ತಿ ಸ್ಥಿತಿಯ ಪಾಸ್‌ವರ್ಡು, ಎರಡೂ ಸರ್ವರುಗಳ ವಿಳಾಸ, ಐದು ವಿಶೇಷ ಕೆಲಸಗಳು ಯಾವುದರಲ್ಲಿವೆ ಎಂಬುದು, ಇವಿಷ್ಟನ್ನು ಕೈಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿ, ತಿಜೋರಿಯಲ್ಲಿಡುವುದೆಂದು ನಿರ್ಣಯವಾಗಬೇಕಿದೆ. ಲಕೋಟೆ ಒಡೆದರೆ ಅಧ್ಯಕ್ಷರ ಸಹಿಯೊಡನೆ ಪುಸ್ತಕದಲ್ಲಿ ದಾಖಲಾಗಬೇಕು, ಪಾಸ್‌ವರ್ಡು ಬದಲಾಗಬೇಕು. ಇದಕ್ಕೆ ತಗಲುವ ಖರ್ಚು ಒಂದು ಲಕೋಟೆ ಮತ್ತು ಒಂದು ತುಂಡು ಅರಗು.

ಮಹಾಸಭೆಯ ಮುಂದೆ ಬರುವುದು ಇಷ್ಟು: ಪ್ರಧಾನ ಕಚೇರಿಯಲ್ಲಿ ಈಗಿರುವ ಸರ್ವರು ಹಾಗೆಯೇ, ಗೋದಾಮಿನ ಮಹಡಿಯಲ್ಲಿ ಎರಡನೆಯದು, ತೂಕ ಮತ್ತು ಬಟವಾಡೆ ಎರಡೂ ನಡೆಯುವ ಒಂದು ಶಾಖೆಗೆ ಓದಲು ಮಾತ್ರ ಬರುವ ಸಣ್ಣದೊಂದು, ಉಳಿದ ಶಾಖೆಗಳಿಗೆ ಯಾವುದೂ ಇಲ್ಲ, ಅದರ ಬದಲು ಎರಡನೆಯ ಕಂಪೆನಿಯ ಲೈನು, ಎರಡು ಡಿಸ್ಕು, ಗಾಜಿನ ಎಳೆಯ ಕೇಬಲ್ಲು. ಬಳಕೆದಾರರ ಪರವಾನಗಿಗೂ ಹಣ ತಗಲುತ್ತದೆ, ಅದನ್ನು ಮಾರುವವರು ಮೊದಲ ದರಪಟ್ಟಿಯಲ್ಲಿ ಕಾಣಿಸುವುದಿಲ್ಲ, ನಾವು ಬರೆಸಿಕೊಂಡಿದ್ದೇವೆ. ದರಪಟ್ಟಿಗಳು ಕಚೇರಿಯಲ್ಲಿವೆ, ಯಾರು ಬೇಕಾದರೂ ಬಂದು ನೋಡಬಹುದು.

ಸಭೆ ಒಪ್ಪಿದರೆ ಅಡಿಕೆ ಕೊಯ್ಲಿಗೆ ಮುಂಚೆಯೇ ಸ್ಥಾಪನೆಯಾಗುತ್ತದೆ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಪ್ರಧಾನ ಕಚೇರಿಯ ಸರ್ವರಿನ ತಂತಿಯನ್ನು ನಾನೇ ಎಳೆದು ಹಾಕಿ, ಬಟವಾಡೆ ನಡೆಯುತ್ತದೆಯೇ ಎಂದು ನೋಡುವುದಿದೆ. ಮಧ್ಯಾಹ್ನದ ಮೇಲೆ ಲಾಕರಿನಿಂದ ತಂದ ಡಿಸ್ಕಿನಿಂದ ಹಳೆಯದೊಂದು ಯಂತ್ರದಲ್ಲಿ, ಜಾಲಕ್ಕೆ ಜೋಡಿಸದೆ, ಡೈರೆಕ್ಟರಿಯನ್ನು ಮರಳಿ ಎಬ್ಬಿಸಿ ನೋಡುವುದು. ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರನ್ನು ಆ ದಿನ ಬರಬೇಕೆಂದು ಕೇಳಿಕೊಂಡಿದ್ದೇನೆ. ತಮ್ಮ ಖಾತೆಯಿಂದ ನೂರು ರೂಪಾಯಿ ತೆಗೆಯುವ ಚೀಟಿ ಬರೆದು ತರುತ್ತೇನೆಂದು ಒಪ್ಪಿದ್ದಾರೆ.